ಪೋಸ್ಟಮ್ಮ ವಿಳಾಸ ಕೊಡುವ ಯಂತ್ರಗಳು

ಇವತ್ತು ಅತ್ತಿಗೆಯ ಪ್ಯಾಕಿಂಗ್ ಲೈನು ಓಡಿಬಿಟ್ಟರೆ?

ಬೆಳಕು ಇನ್ನೂ ಸರಿಯಾಗಿ ಹರಿಯದ ಹೊತ್ತಿನಲ್ಲಿ ಸಾಬೂನು ಕಾರ್ಖಾನೆಯ ಗೇಟು ದಾಟುವ ಅವಳನ್ನು ಕೊರೆಯುತ್ತಿರುವ ಚಿಂತೆ ಇದು. ಓಡದಿದ್ದರೆ ಗತಿಯೇನು ಎಂಬ ದಿಗಿಲು ಇಡೀ ಕಾರ್ಖಾನೆಗಿದೆ. ಓಡಿಬಿಟ್ಟರೆ ಎಂಬ ದಿಗಿಲು ಇವಳೊಬ್ಬಳದು. ಬಾಯಿಬಿಟ್ಟು ಯಾರ ಹತ್ತಿರ ಹೇಳಿಕೊಳ್ಳುವುದು? ತನಗೆ ತಾನೇ ಒಪ್ಪಿಕೊಂಡು, ನಾಚಿ, ಕೂದಲನ್ನು ಟೋಪಿಯೊಳಗೆ ತುರುಕಿಕೊಂಡು ಒಳಗೆ ನಡೆಯುತ್ತಾಳೆ.

ಪ್ಯಾಕಿಂಗ್ ವಿಭಾಗದ ಮೂಲೆಯಲ್ಲಿ ಬೋರಲು ಹಾಕಿದ ಪ್ಲಾಸ್ಟಿಕ್ ಕ್ರೇಟೇ ಅವಳ ಕುರ್ಚಿ. ತೊಡೆಯ ಮೇಲೆ ಲ್ಯಾಪ್‌ಟಾಪು, ಎದುರಿಗೆ ಬಾಗಿಲು ತೆಗೆದಿಟ್ಟ ಕಬ್ಬಿಣದ ಪ್ಯಾನೆಲ್. ಅದರೊಳಗೆ ಇಟ್ಟಿಗೆಯಷ್ಟು ಗಾತ್ರದ ಬೂದು ಪೆಟ್ಟಿಗೆ. ಪಿಎಲ್‌ಸಿ ಎನ್ನುತ್ತಾರೆ. ಮೋಟಾರು ಯಾವಾಗ ತಿರುಗಬೇಕು, ಕತ್ತಿ ಯಾವಾಗ ಇಳಿಯಬೇಕು ಎಂದು ಯಂತ್ರಕ್ಕೆ ಹೇಳುವುದು ಇದೇ. ಹೊಸ ಪೆಟ್ಟಿಗೆಗೆ ಊರೂ ಇಲ್ಲ, ಮನೆಯೂ ಇಲ್ಲ. ಕರೆಂಟು ಕೊಟ್ಟ ಕೂಡಲೇ ‘ನನಗೊಂದು ವಿಳಾಸ ಕೊಡಿ’ ಎಂದು ತಂತಿಯುದ್ದಕ್ಕೂ ಕೂಗುತ್ತದೆ. ಕೂಗಿದ್ದು ಯಾರು ಎನ್ನುವುದಕ್ಕೆ ಅದರ ಹುಟ್ಟುಸಂಖ್ಯೆ ಪರದೆಯ ಮೇಲೆ ಬರುತ್ತದೆ. ಪೆಟ್ಟಿಗೆಯ ಪಕ್ಕದ ಚೀಟಿಯಲ್ಲೂ ಅದೇ ಸಂಖ್ಯೆ. ಎರಡನ್ನೂ ತಾಳೆ ನೋಡಿ ನೆಟ್‌ವರ್ಕಿನಲ್ಲಿ ಅದಕ್ಕೊಂದು ವಿಳಾಸ ಕೊಡುವುದು ಇವಳ ಕೆಲಸ. ಕೊಟ್ಟ ಮೇಲೆ ಕೊನೆಯದಾಗಿ ಒಂದು ಗುಂಡಿ ಒತ್ತಬೇಕು. ಇನ್ನು ಕೇಳಬೇಡ, ಇದನ್ನೇ ಇಟ್ಟುಕೋ ಎಂದು ಪೆಟ್ಟಿಗೆಗೆ ಹೇಳುವ ಗುಂಡಿ.

“ಅದೊಂದು ಮರೆತ್ರೆ ಕರೆಂಟ್ ಇರೋವರೆಗೂ ಏನೂ ಗೊತ್ತಾಗಲ್ಲ” ಎನ್ನುತ್ತಾಳೆ, ಪರದೆಯಿಂದ ಕಣ್ಣು ತೆಗೆಯದೆ. “ಒಂದ್ಸಲ ಹೋಗಿ ಬಂತೋ, ಎಲ್ಲಾ ಮರೆತು ಮತ್ತೆ ಮೊದಲಿಂದ ಕೂಗುತ್ತೆ. ಪಕ್ಕದ ಯಂತ್ರ ಕರೆದ್ರೂ ಓ ಅನ್ನಲ್ಲ.”

ವಾರಕ್ಕೆ ಐದಾರು ಪೆಟ್ಟಿಗೆ. ಕಾರ್ಖಾನೆಯಲ್ಲಿ ಈಗ ಓಡುತ್ತಿರುವ ಇನ್ನೂರಕ್ಕೂ ಹೆಚ್ಚು ಪೆಟ್ಟಿಗೆಗಳ ವಿಳಾಸ ಇವಳ ಕೈಯಿಂದಲೇ ಹೋಗಿರುವುದು. ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತದೆ, ಪ್ಯಾನೆಲ್ಲಿನ ಅಂಚು ಬೆರಳು ಕೊಯ್ಯುತ್ತದೆ, ಸಾಬೂನಿನ ಪುಡಿಗೆ ಸೀನು ನಿಲ್ಲುವುದಿಲ್ಲ. ಎಲೆಕ್ಟ್ರಿಷಿಯನ್ ಅವಳಿಗೆ ಪೋಸ್ಟಮ್ಮ ಎಂದು ಹೆಸರಿಟ್ಟಿದ್ದಾನೆ. ಕಾಗದ ಹಂಚುವ ಕಾಲ ಹೋಯಿತು, ನಮ್ಮ ಪೋಸ್ಟಮ್ಮ ಮನೆ ನಂಬರನ್ನೇ ಹಂಚುತ್ತಾಳೆ ಎಂಬುದು ಅವನ ಹಳೇ ನಗೆ. ಅವನು ಪ್ರತಿ ಸಲವೂ ಹೊಸದಾಗಿ ನಗುತ್ತಾನೆ.

ಪದವಿ ಮುಗಿಸಿ ಬಂದಾಗ ಅವಳು ಕೇಳಿದ್ದು ಪ್ರೋಗ್ರಾಮ್ ಬರೆಯುವ ವಿಭಾಗವನ್ನು. ಸಂದರ್ಶನದಲ್ಲಿ ಉತ್ತರಗಳೆಲ್ಲ ಗೊತ್ತಿದ್ದವು, ಗಂಟಲು ದಾಟಲಿಲ್ಲ. ಹೀಗಾಗಿ ಕ್ರೇಟು ಸಿಕ್ಕಿತು. ಅದೇನೂ ದೊಡ್ಡ ನೋವಾಗಿರಲಿಲ್ಲ, ಹೋದ ವರ್ಷ ಅಣ್ಣನ ಮದುವೆಯಾಗುವವರೆಗೆ. ಮನೆಗೆ ಬಂದ ಅತ್ತಿಗೆ ಇವಳದೇ ವಯಸ್ಸಿನವಳು, ಗೋಡೆಯನ್ನೂ ಮಾತಾಡಿಸುವವಳು. ನಾಲ್ಕೇ ತಿಂಗಳಲ್ಲಿ ಇದೇ ಕಾರ್ಖಾನೆಗೆ, ಅದೇ ಪ್ರೋಗ್ರಾಮ್ ವಿಭಾಗಕ್ಕೆ ಸೇರಿಕೊಂಡಳು.

“ಅತ್ತಿಗೆ ಯಂತ್ರಕ್ಕೆ ಬುದ್ಧಿ ಕಲಿಸ್ತಾಳಂತೆ, ನೀನೇನು ಮಾಡ್ತೀಯೇ ಅಂತ ಅಮ್ಮ ಕೇಳಿದ್ರು. ವಿಳಾಸ ಕೊಡ್ತೀನಿ ಅಂದೆ. ಯಾರಿಗೆ ಅಂದ್ರು. ತಟ್ಟೆ ತೊಳೆಯೋಕೆ ಎದ್ದು ಹೋದೆ.” ಒಂದು ಚೀಟಿ ತಾಳೆ ನೋಡಿ ಸೇರಿಸುತ್ತಾಳೆ: “ಅತ್ತಿಗೆ ಕೆಟ್ಟವರಾಗಿದ್ರೆ ಎಷ್ಟು ಸುಲಭ ಇತ್ತು. ನನ್ನ ಬಟ್ಟೇನೂ ಅವರೇ ಮಡಿಸಿಡ್ತಾರೆ. ನನಗಿಂತ ಚೆನ್ನಾಗಿ.”

ಇವತ್ತು ಎಂಟು ಗಂಟೆಗೆ ಮಾಲೀಕರ ಮುಂದೆ ಹೊಸ ಲೈನಿನ ಪರೀಕ್ಷೆ. ಸಾಬೂನು ಕತ್ತರಿಸಿ ಕಾಗದ ಸುತ್ತುವ ಯಂತ್ರಗಳ ಸಾಲು ಅದು, ಪ್ರೋಗ್ರಾಮ್ ಅತ್ತಿಗೆಯದು. ಗೆದ್ದರೆ ಅತ್ತಿಗೆಗೆ ಇಡೀ ವಿಭಾಗದ ಉಸ್ತುವಾರಿ. ಸೋತರೆ ಕೆಲಸ ಹೊರಗಿನವರ ಪಾಲು. ನಿನ್ನೆ ಸಂಜೆ ಎಲ್ಲವೂ ನೆಟ್ಟಗೆ ಓಡಿತ್ತು. ರಾತ್ರಿ ರಿಪೇರಿಗೆಂದು ಕರೆಂಟು ತೆಗೆದು ಮತ್ತೆ ಕೊಟ್ಟಿದ್ದಾರೆ, ಬೆಳಗ್ಗೆ ನೋಡಿದರೆ ಲೈನು ಸ್ತಬ್ಧ. ಕತ್ತರಿಸುವ ಯಂತ್ರ ತಯಾರಾಗಿ ನಿಂತಿದೆ, ಕಾಗದ ಸುತ್ತುವ ಯಂತ್ರ ಅಲುಗುತ್ತಿಲ್ಲ. ಅತ್ತಿಗೆ ಎಲ್ಲರಿಗಿಂತ ಮೊದಲೇ ಬಂದು ತನ್ನ ಪ್ರೋಗ್ರಾಮನ್ನು ಸಾಲುಸಾಲಾಗಿ ಹೆಕ್ಕುತ್ತಿದ್ದಾಳೆ.

ಪೋಸ್ಟಮ್ಮ ಎಂದಿನಂತೆ ಲ್ಯಾಪ್‌ಟಾಪು ತೆರೆಯುತ್ತಾಳೆ. ಪರದೆಯ ಮೇಲೆ ಒಂದು ಸಂಖ್ಯೆ ಬಿಟ್ಟೂಬಿಡದೆ ಕೂಗುತ್ತಿದೆ. ಎದ್ದು ಹೋಗಿ ಚೀಟಿ ನೋಡಿ ಬರುತ್ತಾಳೆ. ಸುತ್ತುವ ಯಂತ್ರದ ಪೆಟ್ಟಿಗೆಯೇ. ಹೋದ ವಾರ ತಾನು ಜ್ವರದಲ್ಲಿ ಮಲಗಿದ್ದಾಗ ಅತ್ತಿಗೆ ತಾನೇ ವಿಳಾಸ ಕೊಟ್ಟು ಕೂರಿಸಿದ್ದು. ಕೊನೆಯ ಗುಂಡಿ ಒತ್ತಿಲ್ಲ.

ಹೇಳಿದರೆ ಅರ್ಧ ನಿಮಿಷದ ಕೆಲಸ. ಹೇಳುವುದಿಲ್ಲ. ಲ್ಯಾಪ್‌ಟಾಪು ಮುಚ್ಚಿಟ್ಟು ಕ್ಯಾಂಟೀನಿಗೆ ಹೋಗಿ ಚಹಾ ತೆಗೆದುಕೊಳ್ಳುತ್ತಾಳೆ. ಬಿಸಿ ಚಹಾ ಕುಡಿದರೂ ಹೊಟ್ಟೆಯೊಳಗೆ ತಣ್ಣಗಾಗುತ್ತದೆ. ಎಷ್ಟೋ ತಿಂಗಳಿಂದ ಇಷ್ಟು ನಿಧಾನವಾಗಿ ಚಹಾ ಕುಡಿದಿರಲಿಲ್ಲ.

ವಾಪಸು ಬಂದಾಗ ಅತ್ತಿಗೆ ಪ್ರೋಗ್ರಾಮಿನ ಒಂದು ಭಾಗವನ್ನೇ ಕಿತ್ತುಹಾಕಲು ಹೊರಟಿದ್ದಾಳೆ. ಸಾಬೂನು ಸೊಟ್ಟಗೆ ಬಂದರೆ ಲೈನನ್ನು ನಿಲ್ಲಿಸದೆ, ಕ್ಷಣಕಾಲ ನಿಧಾನಿಸಿ, ಅದು ತಾನೇ ನೆಟ್ಟಗಾಗುವಂತೆ ಮಾಡುವ ಭಾಗ. ಎಷ್ಟೋ ದಿನ ಕೂತು ಬರೆದದ್ದು. ತೊಂದರೆ ಇದರಲ್ಲೇ ಇರಬೇಕು, ತನಗೆ ಇಷ್ಟೆಲ್ಲ ಬುದ್ಧಿವಂತಿಕೆ ಬೇಕಿರಲಿಲ್ಲ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಹೇಳುತ್ತಿದ್ದಾಳೆ. ಆ ಭಾಗ ಓಡುವುದನ್ನು ಪೋಸ್ಟಮ್ಮ ಒಂದು ಸಂಜೆ ಕಂಬದ ಮರೆಯಿಂದ ನೋಡಿದ್ದಳು. ಸೊಟ್ಟ ಸಾಬೂನು ಮೆಲ್ಲಗೆ ತಿರುಗಿ ಸಾಲು ಸೇರಿದ್ದನ್ನು ಕಂಡು, ಇದು ನನಗೆ ಹೊಳೆಯಬೇಕಿತ್ತು ಅಂದುಕೊಂಡು ಆ ರಾತ್ರಿ ಊಟ ಬಿಟ್ಟಿದ್ದಳು.

ಅತ್ತಿಗೆಯ ಬೆರಳು ಅಳಿಸುವ ಗುಂಡಿಯ ಮೇಲಿದೆ. ಪೋಸ್ಟಮ್ಮ ಹೋಗಿ ಆ ಕೈ ಹಿಡಿದುಕೊಳ್ಳುತ್ತಾಳೆ. ಕ್ರೇಟನ್ನು ಎಳೆದುಕೊಂಡು ಕೂತು, ಲ್ಯಾಪ್‌ಟಾಪು ತೆರೆದು, ಕೂಗುತ್ತಿದ್ದ ಸಂಖ್ಯೆಗೆ ವಿಳಾಸ ಬರೆದು, ಕೊನೆಯ ಗುಂಡಿ ಒತ್ತುತ್ತಾಳೆ. ಪೆಟ್ಟಿಗೆಯ ಮೇಲಿನ ಕೆಂಪು ದೀಪ ಹಸಿರಾಗುತ್ತದೆ. ಅತ್ತಿಗೆ ದೀಪ ನೋಡುತ್ತಾಳೆ, ಗುಂಡಿ ನೋಡುತ್ತಾಳೆ, ತಾನು ಮರೆತದ್ದು ಏನೆಂದು ಅವಳಿಗೆ ತಿಳಿಯುತ್ತದೆ. ಇನ್ನು ಲೈನು ಚಾಲೂ ಮಾಡುವುದಷ್ಟೇ ಬಾಕಿ. ಅವಳು ಮಾಡುವುದಿಲ್ಲ, ನಾದಿನಿಯ ಕಡೆ ತಿರುಗುತ್ತಾಳೆ.

“ನಿನಗೆ ಯಾವಾಗ ಗೊತ್ತಾಯ್ತು?”

“ಚಹಾಕ್ಕೆ ಹೋಗೋ ಮುಂಚೆ.”

“ಮತ್ತೆ ಯಾಕೆ ಹೇಳಲಿಲ್ಲ ಪುಟ್ಟಿ?”

ಮೋಟಾರುಗಳು ಓಡುತ್ತಿದ್ದರೆ ಇವಳ ದನಿ ಪಕ್ಕದವರಿಗೂ ಕೇಳಿಸುತ್ತಿರಲಿಲ್ಲ. ನಿಂತ ಲೈನಿನ ಮೌನದಲ್ಲಿ ಇಡೀ ವಿಭಾಗಕ್ಕೆ ಕೇಳಿಸುತ್ತದೆ.

“ನಿಮ್ಮ ಪ್ರೋಗ್ರಾಮ್ ತುಂಬಾ ಚೆನ್ನಾಗಿದೆ ಅತ್ತಿಗೆ. ಅದಕ್ಕೇ ನನಗೆ ಹೊಟ್ಟೆ ಉರಿಯೋದು.”