ಬಾಬಿನ್ ಯಾರ ಕೈಯಲ್ಲಿ

ನಾನು ಓದಿದ ಕಾನ್ವೆಂಟಿನಲ್ಲಿ ಒಂದು ಮರದ ಬಿಲ್ಲೆ ಇತ್ತು. ಯಾರ ಬಾಯಿಂದ ಕನ್ನಡವೋ ಮರಾಠಿಯೋ ಬಂತೋ ಅವರ ಕೈಗೆ ಆ ಬಿಲ್ಲೆ. ಹಿಡಿದವರು ಇನ್ನೊಬ್ಬಳ ಬಾಯಿ ಜಾರುವುದನ್ನು ಕಾಯುತ್ತ ಕೂತು, ಜಾರಿದೊಡನೆ ಅವಳಿಗೆ ದಾಟಿಸಬೇಕು. ಸಂಜೆ ಬೆಲ್ ಹೊಡೆದಾಗ ಅದು ಯಾರ ಹತ್ತಿರ ಉಳಿದಿದೆಯೋ ಅವಳಿಗೆ ಆ ದಿನ ಆಟ ಇಲ್ಲ. ಒಂದು ಇಡೀ ಟರ್ಮ್ ಅದು ನನ್ನ ಕೈಗೆ ಬರಲೇ ಇಲ್ಲ. ಸಿಸ್ಟರ್ ನನ್ನ ಗಲ್ಲ ತಟ್ಟಿ "ಗುಡ್ ಗರ್ಲ್" ಅಂದರು. ಆ ಎರಡು ಶಬ್ದಗಳನ್ನು ನಾನು ಅರವತ್ತು ವರ್ಷ ಜೋಪಾನ ಮಾಡಿಕೊಂಡು ಬಂದೆ. ಕೊನೆಗೆ ಅದೇ ಹೆಮ್ಮೆಯಿಂದ ನನ್ನ ಮೊಮ್ಮಗಳ ಬಾಯಿಗೆ ಬೀಗ ಹಾಕಿದೆ. ಹಾಕಿದವಳೂ ನಾನೇ, ಕೀಲಿ ಹುಡುಕುತ್ತ ಅಲೆದವಳೂ ನಾನೇ.

ನನ್ನ ಮಗಳನ್ನು ಇಚಲಕರಂಜಿಗೆ ಕೊಟ್ಟಿದ್ದೇವೆ. ಅಳಿಯನದು ಪವರ್‌ಲೂಮ್. ಕೆಳಗೆ ಮಗ್ಗ, ಮೇಲೆ ಮನೆ. ಆ ಮನೆಯಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ. ಮಗ್ಗದ ಸದ್ದಿನ ಮೇಲೆ ಕೂಗಿಯೇ ಅಭ್ಯಾಸ. ಒಳಗೆ ಕನ್ನಡ, ಓಣಿಯಲ್ಲಿ ಮರಾಠಿ, ಮಕ್ಕಳ ಸ್ಕೂಲಿನಲ್ಲಿ ಇಂಗ್ಲಿಷ್. ಗಡಿಯ ನಮ್ಮ ಕಡೆ ಎಲ್ಲರದೂ ಹೀಗೇ, ಇದರಲ್ಲಿ ವಿಶೇಷ ಏನೂ ಇಲ್ಲ. ಆದರೆ ದೊಡ್ಡ ಮೊಮ್ಮಗಳು ಎರಡನೇ ಇಯತ್ತೆಯಲ್ಲಿದ್ದಾಗ ಸ್ಕೂಲಿನಿಂದ ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿದರು: ಮನೆಯಲ್ಲಿ ಇಂಗ್ಲಿಷ್ ಮಾತಾಡಿ. ಮಗಳು ನನಗೆ ಫೋನ್ ಮಾಡಿದಳು.

"ಅವ್ವಾ, ನನಗ ಇಂಗ್ಲಿಷ್ ಅಂದ್ರ ನಾಲಿಗಿ ತೊದಲತೈತಿ. ನೀನ ಬಂದು ಎರಡ ತಿಂಗಳ ಇದ್ದು ರೂಢಿ ಹಾಕಿ ಹೋಗ."

ಹೋದೆ. ಕೆಳಗಿನ ಶೆಡ್ಡಿನಿಂದ ಒಂದು ಹಳೆಯ ಮರದ ಬಾಬಿನ್ ತಂದೆ. ನೂಲು ಸುತ್ತುವ ಗೇಣುದ್ದದ ಕಡ್ಡಿ ಅದು. ಈಗ ಪ್ಲಾಸ್ಟಿಕ್ಕಿನವು ಬಂದು, ಮರದವು ಮೂಲೆಯಲ್ಲಿ ಬಿದ್ದಿದ್ದವು. ನನ್ನ ಕಾನ್ವೆಂಟಿನ ನಿಯಮವನ್ನೇ ಜಾರಿ ಮಾಡಿದೆ. ಕನ್ನಡ ಮಾತಾಡಿದವರ ಕೈಗೆ ಬಾಬಿನ್. ಸಂಜೆ ಹಾಲು ಕುಡಿಯುವಾಗ ಅದು ಯಾರ ಹತ್ತಿರ ಇದೆಯೋ ಅವರಿಗೆ ಶೇಂಗಾ ಉಂಡಿ ಇಲ್ಲ. ದೊಡ್ಡವಳು ವಾರದೊಳಗೆ ಪಳಗಿದಳು. ನನಗೆ ಎಷ್ಟು ಪ್ರೌಡ್ ಅನ್ನಿಸಿತ್ತೆಂದರೆ, ಆ ಮನೆಯಲ್ಲಿ ಇನ್ನೊಂದು ಮಗುವೂ ಇದೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಸಣ್ಣವಳಿಗೆ ಆಗ ನಾಲ್ಕು ವರ್ಷ. ತಡವಾಗಿ ಕೂತವಳು, ತಡವಾಗಿ ನಡೆದವಳು. ಕೊಲ್ಹಾಪುರದ ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದ್ದರು: ಬುದ್ಧಿ ನಿಧಾನ ಬೆಳೆಯುತ್ತದೆ, ಇದಕ್ಕೆ ಔಷಧಿ ಇಲ್ಲ, ಕಲಿಸುತ್ತ ಹೋಗಬೇಕು. ಅವಳ ಹತ್ತಿರ ಆಗ ಹತ್ತಿಪ್ಪತ್ತು ಮಾತು ಇದ್ದವು, ಎಲ್ಲ ಕನ್ನಡ. "ನೀರ ಕೊಡ", "ಬ್ಯಾಡ", "ಅಜ್ಜಿ ಬಾ". ನಿಯಮ ಅವಳಿಗಲ್ಲ ಎಂದು ಯಾರೂ ಹೇಳಲಿಲ್ಲ. ಅಕ್ಕ ಆಟದ ಹುರುಪಿನಲ್ಲಿ ದಿನಾ ಬಾಬಿನ್ ಅವಳಿಗೇ ದಾಟಿಸುತ್ತಿದ್ದಳು. ಮೊದಮೊದಲು ಅವಳು ಅದನ್ನು ಗೊಂಬೆಯಂತೆ ಎತ್ತಿಕೊಂಡು ತಿರುಗಿದಳು. ಸಂಜೆ ಉಂಡಿ ಸಿಗದಾಗ ಅತ್ತಳು. ನಾವು ಯಾರಾದರೂ ಗುಟ್ಟಾಗಿ ಅರ್ಧ ಕೊಡುತ್ತಿದ್ದೆವು, ಆದರೆ ಮೊದಲು ಅಳಬೇಕಿತ್ತು. ಆಮೇಲೆ ಅಳು ನಿಂತಿತು. ಮಾತೂ ನಿಂತಿತು.

ಮಾತು ಅಂದರೆ ಬಾಬಿನ್, ಬಾಬಿನ್ ಅಂದರೆ ಉಂಡಿ ಇಲ್ಲ. ಇಷ್ಟು ದೊಡ್ಡ ಸಂಗತಿಯನ್ನು ಆ ಮಗು ತನ್ನಷ್ಟಕ್ಕೆ ಅರ್ಥ ಮಾಡಿಕೊಂಡಿತ್ತು. ನಮಗೆ ಅದು ಕಾಣಲಿಲ್ಲ. "ಈಗ ಬಾಬಿನ್ ಆಕಿ ಕಡೆ ಹೋಗೂದ ಇಲ್ಲ ನೋಡ, ಇಂಪ್ರೂವ್ ಆಗ್ಯಾಳ," ಎಂದು ನಾನೇ ಮಗಳಿಗೆ ಹೇಳಿದ ನೆನಪಿದೆ. ಆ ಮಾತು ನೆನಪಾದಾಗ ಇವತ್ತಿಗೂ ಕೈಯಲ್ಲಿದ್ದ ಕೆಲಸ ನಿಲ್ಲುತ್ತದೆ.

ಎರಡು ತಿಂಗಳಿಗೆ ನಾನು ಊರಿಗೆ ಮರಳಿದ ಮೇಲೂ ಅವಳ ಬಾಯಿ ಬಿಚ್ಚಲಿಲ್ಲ, ಬುದ್ಧಿ ನಿಧಾನ, ಅದಕ್ಕೇ ಎಂದು ಎಲ್ಲರೂ ಅಂದುಕೊಂಡೆವು. ಆರು ವರ್ಷ ಅವಳು ಅಕ್ಕನ ಸ್ಕೂಲಿನ ಕಡೆಯ ಬೆಂಚಿನಲ್ಲಿ ಸುಮ್ಮನೆ ಕೂತಳು. ದೊಡ್ಡವಳಿಗೆ ಎಂಟನೇ ಇಯತ್ತೆಯಲ್ಲೇ ಎರಡು ಹೊತ್ತಿನ ಟ್ಯೂಶನ್, ಮುಂದೆಂದೋ ಬರುವ ಎಂಟ್ರನ್ಸಿಗೆ ಇವತ್ತೇ ತಯಾರಿ. ಊಟದ ತಾಟಿನ ಪಕ್ಕ ವರ್ಕ್‌ಬುಕ್. ಕೇಳಿದ್ದಕ್ಕೆಲ್ಲ "ಓಕೆ", "ಡನ್". ಒಬ್ಬಳಿಗೆ ಮಾತಾಡಲು ಪುರುಸೊತ್ತಿಲ್ಲ, ಒಬ್ಬಳಿಗೆ ಮಾತೇ ಇಲ್ಲ. ಕೆಳಗೆ ಮಗ್ಗ ಮಾತ್ರ ದಿನವಿಡೀ ಬಡಬಡಿಸುತ್ತಿತ್ತು.

ಸಣ್ಣವಳಿಗೆ ಹತ್ತು ತುಂಬಿದ ವರ್ಷ ಹೆಡ್‌ಮಿಸ್ಟ್ರೆಸ್ ಮಗಳನ್ನು ಕರೆಸಿದರು. ಕೊಲ್ಹಾಪುರದಲ್ಲಿ ಇಂಥ ಮಕ್ಕಳದೇ ಒಂದು ಶಾಲೆ ಇದೆ, ಕೈಕೆಲಸ ಕಲಿಸುತ್ತಾರೆ, ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು. ಆದರೆ ಜಾಗ ಕಡಿಮೆ. ತನಗೇನು ಬೇಕು ಎಂಬುದನ್ನು ಹೇಳಬಲ್ಲ ಮಗುವನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಜೂನ್‌ನಲ್ಲಿ ನೋಡುತ್ತಾರೆ. ಅಲ್ಲಿ ಆಗದಿದ್ದರೆ ಮನೆಯಲ್ಲೇ ಇಟ್ಟುಕೊಳ್ಳಬೇಕು.

ಮನೆ ಅಂದರೆ ಜೀವನವಿಡೀ ಮಹಡಿ ಮೇಲಿನ ಒಂದು ಕಿಟಕಿಯ ಮುಂದೆ ಕೂರುವುದು. ಮಗಳು ನನ್ನ ಮುಂದೆ ಅಳಲಿಲ್ಲ, ಬಟ್ಟೆ ಮಡಚುತ್ತ ಹೇಳಿದಳು:

"ಜೂನ್ ತನಾ ನೀ ಕರಕೊಂಡ ಹೋಗವ್ವಾ. ನನ್ನ ಕೈಲೆ ಆಗವಲ್ದು. ಒಂದ ಮಾತ ಆಡಿಸಿ ಕಳಸ, ಸಾಕ."

ಶಿವರಾತ್ರಿ ಮುಗಿದ ಮೇಲೆ ಅವಳನ್ನು ಗಡಹಿಂಗ್ಲಜಕ್ಕೆ ನನ್ನ ಮನೆಗೆ ಕರೆತಂದೆ. ಫ್ಲ್ಯಾಶ್ ಕಾರ್ಡ್ ತರಿಸಿದೆ. ದಿನಾ ಬೆಳಿಗ್ಗೆ ಎದುರು ಕೂರಿಸಿಕೊಂಡು "ದಿಸ್ ಈಸ್ ಅ ಕಪ್, ಸೇ ಕಪ್" ಎಂದು ಹಚ್ಚಿದೆ. ಕೊಲ್ಹಾಪುರದಲ್ಲಿ ಕೇಳುವುದು ಮರಾಠಿಯಲ್ಲಿ ಎಂದು ಮಧ್ಯಾಹ್ನ ಮರಾಠಿ. ಅವಳು ಕಪ್ಪನ್ನು ನೋಡುತ್ತಿದ್ದಳು, ನನ್ನ ಬಾಯಿ ನೋಡುತ್ತಿದ್ದಳು, ತುಟಿ ಮಾತ್ರ ಬಿಚ್ಚಲಿಲ್ಲ. ಹೀಗೆ ಹೋಳಿ ಹುಣ್ಣಿಮೆ ದಾಟಿತು, ಯುಗಾದಿ ದಾಟಿತು.

ಬೇಸಿಗೆಯಲ್ಲಿ ನಮ್ಮಲ್ಲಿ ವರ್ಷದ ಖಾರ ಮಾಡುವ ಕೆಲಸ. ಒಣ ಮೆಣಸಿನಕಾಯಿ ತಂದು, ಬಿಸಿಲಿಗೆ ಹಾಕಿ, ತೊಟ್ಟು ಮುರಿದು, ಮಸಾಲೆ ಹುರಿದು, ಕುಟ್ಟಿಸುವುದು. ತೊಟ್ಟು ಮುರಿಯಲು ಪಕ್ಕದ ನೂಲ ಎಂಬ ಊರಿನಿಂದ ಒಬ್ಬಾಕೆ ಬರುತ್ತಾಳೆ. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಆಕೆ ಬಂದ ಮೂರನೇ ದಿನವೂ ಮಗುವನ್ನು ಅವಳ ಪಕ್ಕ ಮಾಳಿಗೆಯ ಮೇಲೆ ಕೂರಿಸಿ ನಾನು ಚಹಾಕ್ಕೆ ಇಳಿದೆ. ಚಹಾ ಹಿಡಿದು ಮೆಟ್ಟಿಲು ಹತ್ತುವಾಗ ಮೇಲಿನಿಂದ ಒಂದು ದನಿ ಕೇಳಿತು. ಒರಟು, ಬಳಸದೆ ಇಟ್ಟ ಬಾಗಿಲಿನಂಥ ದನಿ.

"ಅಕ್ಕಾ, ಇದ ಕೆಟ್ಟೈತಿ."

"ಎಲ್ಲೈತಿ? ಹಾಂ, ಒಳಗ ಬೂಷ್ಟ ಹಿಡದೈತಿ. ನಿನ್ನ ಕಣ್ಣ ಭಾಳ ಚುರುಕ ಅದಾವ ಬಿಡ. ತಗದ ಒಗಿ."

"ಒಗದ್ನಿ."

ನಾನು ಮೆಟ್ಟಿಲ ಮೇಲೇ ನಿಂತೆ. ಆಮೇಲೆ ಇನ್ನೆರಡು ಮೆಟ್ಟಿಲು ಹತ್ತಿದೆ, ಕಪ್ಪುಗಳ ಸದ್ದಿಗೆ ಅವಳು ತಿರುಗಿದಳು. ನನ್ನನ್ನು ನೋಡಿದ ಕೂಡಲೇ ಮುಖದ ಬಣ್ಣ ಇಳಿಯಿತು. ಎದ್ದು ನನ್ನ ಪಕ್ಕದಿಂದಲೇ ಓಡಿ ಕೆಳಗಿಳಿದು, ತನ್ನ ಚೀಲ ತಡಕಾಡಿ, ಮತ್ತೆ ಹತ್ತಿ ಬಂದು ನನ್ನೆದುರು ನಿಂತಳು. ಅವಳ ಕೈಯಲ್ಲಿ ಬಾಬಿನ್ ಇತ್ತು. ಆರು ವರ್ಷ ಅದನ್ನು ಎಲ್ಲಿ ಇಟ್ಟುಕೊಂಡಿದ್ದಳೋ, ಇಚಲಕರಂಜಿಯಿಂದ ಯಾವಾಗ ಚೀಲಕ್ಕೆ ಹಾಕಿಕೊಂಡಳೋ. ತಪ್ಪು ಮಾಡಿದ್ದೇನೆ, ಇವತ್ತು ನನಗೆ ಉಂಡಿ ಇಲ್ಲ ಎಂದು ಒಪ್ಪಿಕೊಂಡು ನಿಂತಿದ್ದಳು.

ನೂಲದಾಕೆ ಕೇಳಿದಳು: "ಯಾಕ್ರಿ ಬಾಯಾರ, ಹಿಂಗ್ಯಾಕ ನಿಂತೀರಿ? ಚಹಾ ಆರಾಕತ್ತೈತಿ."

"ಆಕಿ ಮಾತಾಡಿದ್ಲು."

"ಆಡತಾಳಲ್ರಿ, ಮೊನ್ನೆಯಿಂದ. ನೀವು ಮುಂದ ಬಂದ್ರ ಗಪ್ಪ ಆಗತಾಳ. ನಿಮಗ ಅಂಜತಾಳಂತ ನನಗನಸತೈತಿ."

ನನ್ನ ಇಡೀ ಜೀವನದಲ್ಲಿ ಯಾವ ಸಿಸ್ಟರೂ ನನಗೆ ಕೊಡದ ರಿಪೋರ್ಟ್ ಕಾರ್ಡ್ ಅದು. ನಾನು ಚಹಾದ ತಟ್ಟೆ ಕೆಳಗಿಟ್ಟು, ಮೊಮ್ಮಗಳ ಕೈಯಿಂದ ಬಾಬಿನ್ ತೆಗೆದುಕೊಂಡು ಹೇಳಿದೆ: "ಇದು ನಿಂದಲ್ಲವ್ವಾ, ನಂದು. ಇನ್ನ ಮ್ಯಾಲೆ ನಾ ಇಂಗ್ಲಿಷ್ ಮಾತಾಡಿದ್ರ ನೀ ಇದನ್ನ ನನಗ ಕೊಡಬೇಕು. ಅವತ್ತ ನನಗ ಉಂಡಿ ಇಲ್ಲ."

ಬಾಬಿನ್ ಅವಳ ಕೈಗೇ ವಾಪಸ್ ಕೊಟ್ಟೆ, ಅವಳಿಗೆ ನಂಬಿಕೆ ಬರಲಿಲ್ಲ. ಉಂಡಿ ಇಲ್ಲದಿದ್ದದ್ದು ಯಾವಾಗಲೂ ಅವಳಿಗೇ. ಅದಕ್ಕೆ ಅವತ್ತು ಸಂಜೆ ನಾನು ಬೇಕೆಂದೇ "ಸಿಟ್ ಡೌನ್" ಅಂದೆ. ಅವಳು ಬಹಳ ಹೊತ್ತು ನನ್ನನ್ನೇ ನೋಡಿ, ಮೆಲ್ಲಗೆ ಬಾಬಿನ್ ನನ್ನ ಕಡೆ ಚಾಚಿದಳು. ನಾನು ತೆಗೆದುಕೊಂಡೆ, ನನ್ನ ಉಂಡಿ ಅವಳ ತಟ್ಟೆಗೆ ಹೋಯಿತು. ಎರಡು ಉಂಡಿ ಎದುರಿಗಿಟ್ಟುಕೊಂಡು ಅವಳು ನಕ್ಕಳು. ನೂಲದಾಕೆಯೂ ನಕ್ಕಳು: "ಬಾಯಾರ, ನೀವ ಇನ್ನ ತೆಳ್ಳಗ ಆಗ್ತೀರಿ ನೋಡ್ರಿ."

ಅದಾದ ಮೇಲೆ ಬೇಕೆಂದು ಸೋಲುವ ಅಗತ್ಯವೇ ಬೀಳಲಿಲ್ಲ. ಅರವತ್ತು ವರ್ಷದ ರೂಢಿ. ನನ್ನ ಬಾಯಿಂದ "ಸಾರಿ", "ವೆರಿ ಗುಡ್", "ಓ ಮೈ ಗಾಡ್" ತಾವಾಗಿಯೇ ಉದುರುತ್ತಿದ್ದವು. ಅವಳು ಅಡುಗೆ ಮನೆಯ ಬಾಗಿಲಲ್ಲೇ ಕಾದು ಕೂರುತ್ತಿದ್ದಳು. ಮೊದಲು ಬಾಬಿನ್ ಅಷ್ಟೇ ಚಾಚುವಳು. ಆಮೇಲೆ "ಅಜ್ಜಿ, ತಗೋ." ಆಮೇಲೆ "ಅಜ್ಜಿ, ನಿನಗ ಇಲ್ಲ." ಆ ಬೇಸಿಗೆ ನಾನು ತಿಂದ ಉಂಡಿಗಳನ್ನು ಒಂದು ಕೈ ಬೆರಳಲ್ಲಿ ಎಣಿಸಬಹುದು. ಸೋಲುವುದು ಇಷ್ಟು ಸವಿಯಾಗಿರುತ್ತದೆ ಎಂದು ಕಾನ್ವೆಂಟಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಕನ್ನಡ ಬಂದಮೇಲೆ ಅವಳ ಬುದ್ಧಿ ಎಲ್ಲರಂತೆ ಆಯಿತು ಎಂದು ನಾನು ಹೇಳುತ್ತಿಲ್ಲ. ಇವತ್ತಿಗೂ ಅವಳಿಗೆ ಗಡಿಯಾರ ನೋಡಲು ಬರುವುದಿಲ್ಲ, ಚಪ್ಪಲಿ ಅದಲುಬದಲು ಹಾಕಿಕೊಳ್ಳುತ್ತಾಳೆ. ಅವಳಿಗೆ ಇದ್ದದ್ದನ್ನು ನಾವು ಕಿತ್ತುಕೊಂಡಿದ್ದೆವು, ಅದು ವಾಪಸ್ ಸಿಕ್ಕಿತು, ಅಷ್ಟೇ.

ಜೂನ್‌ನಲ್ಲಿ ಕೊಲ್ಹಾಪುರಕ್ಕೆ ಹೋದೆವು. ಮಗಳು ಇಚಲಕರಂಜಿಯಿಂದ ಬಂದು ಶಾಲೆಯ ಗೇಟಿನಲ್ಲಿ ಕಾಯುತ್ತಿದ್ದಳು, ಸೆರಗಿನ ತುದಿ ಹಿಂಡಿ ಹಿಂಡಿ ಮುದ್ದೆಯಾಗಿತ್ತು. ಒಳಗೆ ಟೇಬಲ್ಲಿನ ಹಿಂದೆ ಒಬ್ಬ ಟೀಚರ್, ಮುಂದೆ ಚೆಂಡು, ಬಾಚಣಿಗೆ, ಲೋಟ. ಅವರು ಮರಾಠಿಯಲ್ಲಿ ಹೆಸರು ಕೇಳಿದರು. ಮಗು ಸುಮ್ಮನೆ ನಿಂತಿತು. ಇನ್ನೊಮ್ಮೆ ಕೇಳಿದರು. ಟೀಚರ್ ಪೆನ್ನಿನ ತುದಿಯನ್ನು ಫಾರ್ಮಿನ ಒಂದು ಚೌಕದ ಮೇಲೆ ಇಟ್ಟದ್ದನ್ನು ನಾನು ನೋಡಿದೆ.

"ಮ್ಯಾಡಮ್, ತಿಲಾ ಕಾನಡೀತ ವಿಚಾರಲಂ ತರ ಚಾಲೇಲ ಕಾ?" ಕನ್ನಡದಲ್ಲಿ ಕೇಳಿದರೆ ನಡೆಯುತ್ತದೆಯೇ ಎಂದು ನಾನು ಮರಾಠಿಯಲ್ಲೇ ಕೇಳಿದೆ. ಕನ್ನಡಕ್ಕಾಗಿ ನಾನು ಯಾರ ಮುಂದಾದರೂ ಬಾಯಿ ತೆರೆದದ್ದು ಅದೇ ಮೊದಲು.

ಟೀಚರ್ ಪೆನ್ನು ಎತ್ತಿದರು. "ಚಾಲೇಲ ಕೀ. ನನಗೂ ಥೋಡಾ ಬರತೈತ್ರಿ, ನನ್ನ ತವರ ಗಡಿ ಆ ಕಡೇದ ಐತಿ. ಆದ್ರ ನೀವು ನಡುವ ಹೇಳಿಕೊಡೂ ಹಂಗಿಲ್ಲ."

ಅವರು ಲೋಟ ಎತ್ತಿ, ಮಗೂ ಎಂದು ಮರಾಠಿಯಲ್ಲಿ ಕರೆದು ಕೇಳಿದರು. "ಬಾಳಾ, ಇದ ಏನ?"

ಮಗು ನನ್ನ ಮುಖ ನೋಡಿತು. ನಾನು ಗೋಡೆಯ ಕಡೆ ತಿರುಗಿದೆ.

"ಲೋಟ."

"ಇದರಾಗ ಏನ ಹಾಕತಾರ?"

"ನೀರ." ಸ್ವಲ್ಪ ತಡೆದು, "ನೀರಡಿಕಿ ಆಗೈತಿ. ಕೊಡ."

ಟೀಚರ್ ನೀರು ಹಾಕಿ ಕೊಟ್ಟರು. ಅವಳು ಕುಡಿದು ಮುಗಿಸಿ ಲೋಟವನ್ನು ಬೋರಲು ಹಾಕಿದಳು. ಟೀಚರಿಗೆ ಖುಷಿಯಾಯಿತು. ತಲೆ ಸವರಿ "ವೆರಿ ಗುಡ್" ಅಂದುಬಿಟ್ಟರು.

ನನ್ನ ಮೊಮ್ಮಗಳು ನೆಟ್ಟಗೆ ನಿಂತಳು. ಚೀಲಕ್ಕೆ ಕೈ ಹಾಕಿ ಬಾಬಿನ್ ತೆಗೆದು ಟೇಬಲ್ಲಿನ ಮೇಲಿಂದ ಟೀಚರ್ ಕಡೆ ಚಾಚಿದಳು. ಅವರು ತಬ್ಬಿಬ್ಬಾಗಿ ಹಿಡಿದುಕೊಂಡರು.

"ಇದ ನನಗ ಯಾಕ?"

"ನೀ ಇಂಗ್ಲಿಷ್ ಮಾತಾಡಿದಿ. ನಿನಗ ಉಂಡಿ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಮಗಳು ಒಂದೇ ಹೆಜ್ಜೆಗೆ ಒಳಗೆ ಬಂದಳು. ಆರು ವರ್ಷದಿಂದ ಅವಳು ಮಗುವಿನ ಬಾಯಿಂದ ಒಂದು ವಾಕ್ಯ ಕೇಳಿರಲಿಲ್ಲ. ಈಗ ಒಂದರ ಹಿಂದೊಂದು, ಅದರಲ್ಲೂ ಕೊನೆಯದು ಪರೀಕ್ಷೆ ಮಾಡುವವರಿಗೇ ಶಿಕ್ಷೆ ಕೊಡುವ ವಾಕ್ಯ. ಟೀಚರ್ ನಿಯಮವನ್ನೆಲ್ಲ ನನ್ನಿಂದ ಕೇಳಿ ತಿಳಿದುಕೊಂಡರು. ಅದು ಮೊದಲು ಹೇಗಿತ್ತು ಎಂಬುದನ್ನೂ ನಾನು ಮುಚ್ಚಿಡಲಿಲ್ಲ. ಅವರು ಫಾರ್ಮಿನಲ್ಲಿ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬರೆದುಕೊಂಡರು: ಮಾತೃಭಾಷೆ, ಕಾನಡಿ. ಆಮೇಲೆ ಮಗಳ ಕಡೆ ತಿರುಗಿ, "ಸೋಮವಾರಪಾಸೂನ ಪಾಠವಾ," ಅಂದರು. ಸೋಮವಾರದಿಂದ ಕಳಿಸಿ.

ಈಗ ಅವಳಿಗೆ ಹದಿನೇಳು. ಅದೇ ಶಾಲೆಯ ಮಸಾಲೆ ಕೋಣೆಯಲ್ಲಿ ಕೆಲಸ. ಕೆಟ್ಟ ಮೆಣಸಿನಕಾಯಿ ಹುಡುಕುವುದರಲ್ಲಿ ಅವಳ ಕಣ್ಣಿಗೆ ಸರಿಸಾಟಿ ಇಲ್ಲ, ಅವಳು ನೋಡದೆ ಅಲ್ಲಿಂದ ಒಂದು ರಾಶಿಯೂ ಕುಟ್ಟಲು ಹೋಗುವುದಿಲ್ಲ. ಅಲ್ಲಿಯ ಹುಡುಗಿಯರಿಂದ ಮರಾಠಿಯನ್ನೂ ಕಲಿತಿದ್ದಾಳೆ, ಯಾರೂ ಕಲಿಸದೆ. ಪ್ರತಿ ಬೇಸಿಗೆ ಗಡಹಿಂಗ್ಲಜಕ್ಕೆ ಬಂದು ನನ್ನ ಖಾರದ ಕೆಲಸಕ್ಕೆ ಮೇಸ್ತ್ರಿ, ನಮ್ಮ ಮಾತಿನಲ್ಲಿ ಮುಕಾದಮಳಾಗುತ್ತಾಳೆ. ನೂಲದಾಕೆಯನ್ನೂ ಬಿಡದೆ ಗದರುತ್ತಾಳೆ.

ಈ ಬೇಸಿಗೆ ದೊಡ್ಡವಳೂ ಬಂದಿದ್ದಳು. ಎರಡು ಸಲ ಕೊಟ್ಟ ಎಂಟ್ರನ್ಸು ಎರಡು ಸಲವೂ ಕೈಕೊಟ್ಟಿತ್ತು. ಮುಖ ಬಾಡಿತ್ತು, ಮಾತು ಇನ್ನೂ ಕಡಿಮೆಯಾಗಿತ್ತು. ಮಾಳಿಗೆಯ ಮೇಲೆ ತಂಗಿಯ ಪಕ್ಕ ಕೂತು ತೊಟ್ಟು ಮುರಿಯತೊಡಗಿದಳು. ಸಣ್ಣವಳು ಅವಳ ಬುಟ್ಟಿಗೆ ಕೈ ಹಾಕಿ ಒಂದೊಂದನ್ನೇ ನೋಡಿ, "ಅಕ್ಕಾ, ಸಾವಕಾಶ ಮಾಡ. ಓಡಬ್ಯಾಡ," ಅಂದಳು.

"ಓಕೆ," ಅಂದಳು ದೊಡ್ಡವಳು, ರೂಢಿಯಿಂದ.

ಬಾಬಿನ್ ಕೂಡಲೇ ಅವಳ ತೊಡೆಯ ಮೇಲೆ ಬಂದು ಬಿತ್ತು. ಅವಳು ಅದನ್ನು ಎತ್ತಿ ತಿರುಗಿಸಿ ನೋಡಿದಳು, ತಾನು ಚಿಕ್ಕಂದಿನಲ್ಲಿ ದಿನಾ ದಾಟಿಸುತ್ತಿದ್ದ ಅದೇ ಕಡ್ಡಿ. ಆಮೇಲೆ, ಎಷ್ಟೋ ತಿಂಗಳಲ್ಲಿ ಮೊದಲ ಸಲ, ಜೋರಾಗಿ ನಕ್ಕು, ಮಗ್ಗದ ಮನೆಯ ಮಗಳಂತೆ ಓಣಿಗೆಲ್ಲ ಕೇಳುವ ಹಾಗೆ ಕನ್ನಡದಲ್ಲಿ ಜಗಳಕ್ಕೆ ನಿಂತಳು. ಆ ಸಂಜೆ ಉಂಡಿ ಸಿಗದೆ ಉಳಿದವಳು ಅವಳಲ್ಲ. ಅವರಿಬ್ಬರನ್ನೂ ನೋಡುತ್ತ ನಾನು ಬಾಯ್ತಪ್ಪಿ "ಗುಡ್ ಗರ್ಲ್ಸ್" ಅಂದುಬಿಟ್ಟಿದ್ದೆ.