ನನ್ನ ಬಾಯಿಂದ ಬಂದ ‘ಬರೋದಿಲ್ಲ’

ಕಳೆದ ವರ್ಷ ಜನವರಿಯ ಒಂದು ಶನಿವಾರ. ಎಂದಿನಂತೆ ಹಾಲು ಕಾಯಿಸಿ, ಇವರಿಗೆ ದೋಸೆ ಎರೆದುಕೊಟ್ಟು, ಮಗಳ ಜಡೆ ಹೆಣೆಯುತ್ತಿದ್ದೆ. ಬಾಯಲ್ಲಿ ಮಾತ್ರ ಇಂಗ್ಲಿಷ್ ಓಡುತ್ತಿತ್ತು. “ಅಮ್ಮ, ಯಾರ ಹತ್ರ ಮಾತಾಡ್ತಿದ್ದೀಯ?” ಎಂದು ಮಗಳು ನಕ್ಕಳು. ಅಂದು ಬಾಳಗಡಿಯ ಕಾಲೇಜಿನಲ್ಲಿ ಒಬ್ಬ ಸೇನಾಧಿಕಾರಿಯ ಮಾತನ್ನು ನಾನು ಕನ್ನಡದಲ್ಲಿ ಹೇಳಬೇಕಿತ್ತು.

ಬೇಗಾರಿನ ಕಡೆಯ ಸುಧೀರ ಅದೇ ಕಾಲೇಜಿನಲ್ಲಿ ಓದಿ ಸೈನ್ಯ ಸೇರಿದ ಹುಡುಗ. ಗಡಿಯ ಕಾಳಗವೊಂದರಲ್ಲಿ ತೀರಿಕೊಂಡ. ಇನ್ನೂ ಮದುವೆಯಾಗಿರಲಿಲ್ಲ. ಮರಣಾನಂತರ ಶೌರ್ಯ ಪದಕ ಬಂತು. ತಾಯಿ ಸರೋಜಮ್ಮ ಮಗಳ ಜೊತೆ ದೆಹಲಿಗೆ ಹೋಗಿ ಅದನ್ನು ತಂದಿದ್ದರು. ಆದರೆ ಅಲ್ಲಿ ಓದಿ ಹೇಳಿದ್ದು ಅವರಿಗೆ ಒಂದಕ್ಷರವೂ ತಿಳಿದಿರಲಿಲ್ಲ. ಮಗ ಕೊನೆಗೆ ಏನಂದ ಎಂದು ಕೇಳಬೇಕು, ಅಷ್ಟೇ ಅವರ ಆಸೆ. ಕಾಲೇಜಿನ ಸನ್ಮಾನಕ್ಕೆ ಸುಧೀರನ ಜೊತೆಗಿದ್ದ ಕ್ಯಾಪ್ಟನ್ನೇ ಬರುತ್ತಾರೆಂದು ಗೊತ್ತಾದಾಗ, ಕಾನ್ವೆಂಟಿನಲ್ಲಿ ಓದಿದವಳೆಂದು ಪ್ರಿನ್ಸಿಪಾಲರು ನನ್ನನ್ನು ಹಿಡಿದರು.

ಸರೋಜಮ್ಮ ವೇದಿಕೆಯ ಮೇಲೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಹೊಸ ಸೀರೆಯ ಮಡಿಕೆ ಗೆರೆಗಳು ಇನ್ನೂ ಹೋಗಿರಲಿಲ್ಲ. ಪದಕದ ಪೆಟ್ಟಿಗೆಯನ್ನು ಮಡಿಲಲ್ಲಿ ತೆರೆದೇ ಇಟ್ಟುಕೊಂಡಿದ್ದರು. ಕ್ಯಾಪ್ಟನ್ ಇನ್ನೂ ಎಳೆಯ ಪ್ರಾಯದವರು, ಉತ್ತರದ ಕಡೆಯವರು. ಒಂದು ವಾಕ್ಯ ಹೇಳಿ ನನ್ನ ಮುಖ ನೋಡುವರು, ನಾನು ಕನ್ನಡದಲ್ಲಿ ಹೇಳುವೆ. ಸುಧೀರನ ಕಾಲಿಗೆ ಗುಂಡು ತಗುಲಿತ್ತು. ಎಲ್ಲರೂ ಹಿಂದೆ ಸರಿಯಬೇಕಿತ್ತು. ತಾವೆಲ್ಲ ಅವನನ್ನು ಕರೆದರಂತೆ. “ಹಿ ರೆಫ್ಯೂಸ್ಡ್ ಟು ಕಮ್ ಬ್ಯಾಕ್” ಎಂದರು.

ಯೋಚಿಸಲು ಸಮಯವಿರಲಿಲ್ಲ. “ವಾಪಸ್ ಬಾ ಎಂದು ಕರೆದರೂ ಸುಧೀರ ‘ಬರೋದಿಲ್ಲ’ ಅಂದ” ಎಂದೆ.

ಸಭಾಂಗಣ ತುಂಬ ಚಪ್ಪಾಳೆ. ಸರೋಜಮ್ಮ ಮಾತ್ರ ಮೆಲ್ಲನೆ ಪೆಟ್ಟಿಗೆಯ ಮುಚ್ಚಳ ಹಾಕಿದರು.

ಕಾರ್ಯಕ್ರಮ ಮುಗಿದ ಮೇಲೆ ಉಪಾಧ್ಯಾಯರ ಕೋಣೆಯಲ್ಲಿ ಉಪ್ಪಿಟ್ಟು, ಕೇಸರಿಬಾತು ಕೊಟ್ಟರು. ಸರೋಜಮ್ಮ ತಟ್ಟೆ ಮುಟ್ಟಲಿಲ್ಲ. ನನ್ನ ಸೆರಗು ಹಿಡಿದು ಪಕ್ಕಕ್ಕೆ ಕೂರಿಸಿಕೊಂಡರು.

“ಅಮ್ಮಾ, ಅವ್ನು ಹಂಗೇ ಅಂದ್ನಾ? ಬರಾದಿಲ್ಲ ಅಂತ?”

“ಅವರು ಹೇಳಿದ್ದು ಹಾಗೇ...” ಎಂದೆ.

“ಪ್ಯಾಟೆಗೆ ಹೋಗಾಗೂ ‘ಬತ್ತೀನವ್ವಾ’ ಅಂತಿದ್ದ ಹುಡ್ಗ. ಕರ್ದ್ರೂ ಬರಾದಿಲ್ಲ ಅಂದ್ನಾ? ನಾನೊಬ್ಳು ಇದೀನಿ ಅಂತ ನೆನಪೇ ಆಗ್ಲಿಲ್ವಾ ಮುಂಡೇದಕ್ಕೆ?”

“ಸುಮ್ನಿರವ್ವ, ಎಲ್ರೂ ನೋಡ್ತಿದಾರೆ” ಎಂದಳು ಪಕ್ಕದಲ್ಲಿದ್ದ ಅವರ ಮಗಳು.

“ನೋಡ್ಲಿ ಬಿಡೇ! ನನ್ ಮಗನ್ನ ನಾನು ಬೈತೀನಿ.”

ನನಗೆ ತಡೆಯಲಾಗಲಿಲ್ಲ. ಕ್ಯಾಪ್ಟನ್ ಬಳಿ ಹೋಗಿ, ಸುಧೀರ ನಿಜವಾಗಿ ಆಡಿದ ಮಾತು ಯಾವುದು, ಯಾವ ಭಾಷೆಯಲ್ಲಿ ಆಡಿದ ಎಂದು ಕೇಳಿದೆ. ಅವರು ಚಮಚ ಕೆಳಗಿಟ್ಟರು. “ಹಿಂದಿಯಲ್ಲಿ. ‘ಆಪ್ ಲೋಗ್ ಚಲಿಯೇ, ಮೈ ಆತಾ ಹೂಂ’ ಅಂದ” ಎಂದರು. ನೀವು ನಡೆಯಿರಿ, ನಾನು ಬರ್ತೀನಿ. ಆಮೇಲೆ ತಾವೇ ನಕ್ಕು ಹೇಳಿದರು: “ಯಾವಾಗಲೂ ಹಾಗೇ ಅವನು. ಹೊರಗೆ ಹೊರಟವನು ‘ಬರ್ತೀನಿ’ ಅನ್ನುತ್ತಿದ್ದ. ಹೋಗೋದು ಆ ಕಡೆ, ಬರ್ತೀನಿ ಅಂತೀಯಲ್ಲೋ ಅಂತ ನಾವೆಲ್ಲ ತಮಾಷೆ ಮಾಡುತ್ತಿದ್ದೆವು.” ನಗು ಅರ್ಧಕ್ಕೇ ನಿಂತಿತು. ಅವರ ಕಣ್ಣು ಕೆಂಪಾಗಿತ್ತು.

ನಾನು ಬಹುತೇಕ ಓಡಿಕೊಂಡೇ ಹೋಗಿ ಸರೋಜಮ್ಮನ ಕೈ ಹಿಡಿದೆ. “ಬರೋದಿಲ್ಲ ಅಂದಿಲ್ಲಮ್ಮ. ‘ನೀವು ನಡೀರಿ, ನಾನು ಬರ್ತೀನಿ’ ಅಂದನಂತೆ.” ಅವರಿಗೆ ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ.

“ಬತ್ತೀನಿ ಅಂದ್ನಾ?” ಮುಖ ಒಮ್ಮೆ ಅರಳಿತು. ನಂತರ, “ಹಂಗಾರೆ ಬರಕ್ಕೇ ಇದ್ದ” ಎಂದರು. ಅಷ್ಟೇ. ಪೆಟ್ಟಿಗೆಯ ಮೇಲೆ ಹಣೆಯಿಟ್ಟು ಅತ್ತರು. ಸಾವಿನ ಸುದ್ದಿ ಬಂದಾಗಲೂ ಅವ್ವ ಹೀಗೆ ಅತ್ತಿರಲಿಲ್ಲ ಎಂದು ಮಗಳು ನನ್ನ ಕಿವಿಯಲ್ಲಿ ಹೇಳಿದಳು.

ಮಗನ ಮೇಲಿನ ಸಿಟ್ಟೇ ಆ ತಾಯಿಗೆ ಒಂದಿಷ್ಟು ಆಸರೆಯಾಗಿತ್ತೋ ಏನೋ. ಅದನ್ನೂ ಕಿತ್ತುಕೊಂಡೆನೇ? ಅಥವಾ ಮಗನನ್ನು ಅವರಿಗೆ ಮರಳಿಸಿದೆನೇ? ಇಂದಿಗೂ ನನಗೆ ತಿಳಿಯದು. ಸಭೆಯಲ್ಲಿ ಆಡಿದ ಮಾತನ್ನು ಸಭೆಯಲ್ಲೇ ತಿದ್ದೋಣವೆಂದು ಹೊರಬಂದರೆ ಜನರೆಲ್ಲ ಚದುರಿದ್ದರು. ಮೈಕಿನವನು ವೈರು ಸುತ್ತುತ್ತಿದ್ದ.

ಸಂಜೆ ಮನೆಯ ಹಿಂದೆ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಪಕ್ಕದ ಮನೆಯ ವಿಮಲಕ್ಕ ಲೋಟ ಹಿಡಿದು ಬಂದರು. ಅವರು ಸಭೆಗೆ ಬಂದಿರಲಿಲ್ಲ. ಆದರೂ ಬೇಲಿಯಾಚೆಯಿಂದಲೇ, “ವಾಟ್ಸಾಪಲ್ಲೆಲ್ಲ ಅದೇ ಮಾರಾಯ್ತಿ! ಕರ್ದ್ರೂ ಬರೋದಿಲ್ಲ ಅಂದ್ನಂತಲ್ಲ ಆ ಹುಡ್ಗ, ಗಂಡಸು ಅಂದ್ರೆ ಹಾಗಿರ್ಬೇಕು ನೋಡು” ಎಂದರು. “ಹೆಪ್ಪಿಗೆ ಒಂಚೂರು ಮಜ್ಜಿಗೆ ಇದ್ರೆ ಕೊಡೇ.”