ನನ್ನ ರಕ್ತ ಆಡಿದ ಜಗಳ

ನಮ್ಮ ಬೀದಿಯಲ್ಲಿ ನನಗೆ ಜಗಳಗಂಟಿ ಅಂತಲೇ ಹೆಸರು. ಮುಳಬಾಗಿಲಿನಲ್ಲಿ ಟೈಲರಿಂಗ್ ಅಂಗಡಿ ಇಟ್ಟವಳು ಬಾಯಿ ಮುಚ್ಚಿಕೊಂಡಿದ್ದರೆ ಗಿರಾಕಿಗಳು ಗುಂಡಿ ಹೊಲಿಸುವುದಕ್ಕೂ ಚೌಕಾಸಿ ಮಾಡುತ್ತಾರೆ. ಹಾಗಾಗಿ, ರಕ್ತದಾನ ಮಾಡಿಬಂದ ನನ್ನನ್ನು ಬ್ಲಡ್ ಬ್ಯಾಂಕಿನವರು ಕೋಲಾರಕ್ಕೆ ಮತ್ತೆ ಕರೆಸಿ, ಲಿವರ್ ಹಾಳುಮಾಡುವ ಒಂದು ವೈರಸ್ಸಿನ ಪರೀಕ್ಷೆ ಪಾಸಿಟಿವ್ ಬಂದಿದೆ ಅಂದಾಗ ಡಾಕ್ಟರಮ್ಮನ ಮೇಲೆ ರೇಗಿದೆ. ಯಾರದೋ ಟ್ಯೂಬು ಅದಲುಬದಲಾಗಿದೆ ಅಂದೆ. ಆಕೆ ಬೇಸರ ಮಾಡಿಕೊಳ್ಳದೆ, ವೈರಸ್ಸನ್ನೇ ಹುಡುಕುವ ಇನ್ನೊಂದು ಪರೀಕ್ಷೆಗೆ ರಕ್ತ ತೆಗೆದುಕೊಂಡರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಗಳ ನೆನಪಾಯಿತು. ನನ್ನ ರಕ್ತದಲ್ಲಿ ಅದಿದ್ದರೆ, ಹೊಟ್ಟೆಯಲ್ಲಿ ಬೆಳೆದ ಮಗಳಿಗೂ ಕೊಟ್ಟುಬಿಟ್ಟಿದ್ದೇನಾ? ಎಂಜಲಿನಿಂದ ಹರಡುವುದಿಲ್ಲ ಅಂತ ಡಾಕ್ಟರಮ್ಮ ಹೇಳಿದ್ದರೂ ಮನೆಗೆ ಬಂದವಳೇ ನನ್ನ ಲೋಟ ಬೇರೆ ಇಟ್ಟೆ. ಮಗಳು ಬಿಡದೆ ಕೇಳಿ ವಿಷಯ ತಿಳಿದುಕೊಂಡಳು. ಮಾರನೆಯ ದಿನವೇ ಹೋಗಿ ತಾನೂ ಪರೀಕ್ಷೆಗೆ ರಕ್ತ ಕೊಟ್ಟುಬಂದಳು.

ಫಲಿತಾಂಶಕ್ಕೆ ಇಬ್ಬರೂ ಹೋದೆವು. ಮಗಳ ರಕ್ತದಲ್ಲಿ ಏನೂ ಇರಲಿಲ್ಲ. ನನ್ನದರಲ್ಲೂ ವೈರಸ್ ಇರಲಿಲ್ಲ. ಜೀವ ಬಂದಂತಾಯಿತು; ಅದರ ಹಿಂದೆಯೇ ಬಾಯಿಯೂ ಬಂತು.

"ಹಂಗಾದ್ರೆ ನಿಮ್ ಮೊದಲನೇ ಟೆಸ್ಟು ಸುಳ್ಳಾ?"

"ಒಂದೊಂದ್ಸಲ ಸುಳ್ಳೂ ಹೇಳುತ್ತೆ, ಅದಕ್ಕೇ ಅದನ್ನೇ ಇನ್ನೊಂದು ಥರದಲ್ಲೂ ಮಾಡಿ ನೋಡಿದ್ವಿ, ಮತ್ತೆ ಪಾಸಿಟಿವ್ವೇ ಬಂತು. ನಿಮ್ಮದು ಸುಳ್ಳಲ್ಲಮ್ಮ," ಅಂದರು ಡಾಕ್ಟರಮ್ಮ. "ಆ ಟೆಸ್ಟು ವೈರಸ್ಸನ್ನ ಹುಡುಕಲ್ಲ. ಅದರ ಜೊತೆ ನಿಮ್ ಮೈ ಜಗಳ ಆಡಿದ ಗುರುತನ್ನ ಹುಡುಕುತ್ತೆ. ಯಾವಾಗ್ಲೋ ಬಂದಿತ್ತು, ನಿಮ್ ಮೈನೇ ಓಡಿಸಿದೆ. ಚಿಕ್ಕವರಿದ್ದಾಗ ರಕ್ತ ಹಾಕಿದ್ರಾ?"

ಹಾಕಿದ್ದರು. ಸ್ಕೂಲಿಗೆ ಹೋಗುತ್ತಿದ್ದಾಗ ನಂಗಲಿ ಹತ್ತಿರ ಲಾರಿ ಗುದ್ದಿ, ಯಾರದೋ ರಕ್ತದಿಂದ ನಾನು ಉಳಿದದ್ದು. ಆಗ ದಾನದ ರಕ್ತಕ್ಕೆ ಈ ಪರೀಕ್ಷೆಯೇ ಇರಲಿಲ್ಲವಂತೆ. ನಾನು ಕುಂಟೆಬಿಲ್ಲೆ ಆಡುತ್ತಾ, ಕಾಜ ಹೊಲಿಯುವುದು ಕಲಿಯುತ್ತಾ ಇದ್ದಾಗ ಒಳಗೆ ಇಷ್ಟು ದೊಡ್ಡ ಕಾಳಗ ನಡೆದು, ಮುಗಿದಿತ್ತು; ಮೈ ನನಗೊಂದು ಮಾತೂ ಹೇಳಿರಲಿಲ್ಲ. ಇಷ್ಟು ವರ್ಷದ ಮೇಲೆ ಒಂದು ಹನಿಯಲ್ಲಿ ಅದನ್ನು ಕಂಡುಹಿಡಿದಿದ್ದರು! ರಕ್ತ ತೆಗೆದಿದ್ದ ನನ್ನ ಮೊಣಕೈಯನ್ನೇ ಬೇರೆ ಯಾರದೋ ಎಂಬಂತೆ ನೋಡುತ್ತಾ ಕೂತೆ. ಆ ಗುರುತು ಅಳಿಯುವುದಿಲ್ಲ, ಇನ್ನು ಮುಂದೆ ನೀವು ರಕ್ತ ಕೊಡುವ ಹಾಗಿಲ್ಲ ಅಂದರು. ಅದಕ್ಕೂ ನಾನು ವಾದ ಮಾಡಲಿಲ್ಲ.

ಮನೆಯಲ್ಲಿ ಕಾಫಿ ಕುಡಿಯುತ್ತಾ ಕೂತಿದ್ದಾಗ ಮಗಳು ನಕ್ಕಳು. "ಅಮ್ಮಾ, ನೀನು ಬಾಯಿ ಬಿಡದೆ ಗೆದ್ದಿರೋ ಜಗಳ ಇದೊಂದೇ ಕಣಮ್ಮ."

ಬೇರೆ ಇಟ್ಟಿದ್ದ ನನ್ನ ಲೋಟವನ್ನು ಕೈಯಿಂದ ಕಿತ್ತುಕೊಂಡು, ಉಳಿದಿದ್ದ ಕಾಫಿಯನ್ನು ಅವಳೇ ಕುಡಿದಳು.